ಉಪನ್ಯಾಸದ ನಂತರದ ಕಾಲು ಗಂಟೆ: ಮುದ್ರಣಯುಗದ ಗುರುಮಠವೂ ಡಿಜಿಟಲ್ ಪೀಳಿಗೆಯ ಬೋಧನೆಯೂ

ಭಾರತದ ನೆಲದಲ್ಲಿ ಅಚ್ಚುಯಂತ್ರದಿಂದ ಹೊರಬಂದ ಮೊತ್ತಮೊದಲ ಹಾಳೆಗಳು ಬೈಬಲ್ಲಿನವಲ್ಲ, ಜಪಪುಸ್ತಕದವೂ ಅಲ್ಲ. ಅವು ತರಗತಿಯ ಹಾಳೆಗಳು. 1556ರ ಸೆಪ್ಟೆಂಬರಿನಲ್ಲಿ ಪೋರ್ಚುಗಲ್ಲಿನಿಂದ ಗೋವೆಗೆ ಬಂದ ಹಡಗಿನಲ್ಲಿ ಒಂದು ಅಚ್ಚುಯಂತ್ರವಿತ್ತು. ಅದನ್ನು ಕಳುಹಿಸಿದ್ದು ಅಬಿಸೀನಿಯಾದ, ಅಂದರೆ ಇಂದಿನ ಇಥಿಯೋಪಿಯಾದ, ಧರ್ಮಪ್ರಚಾರದ ಕೆಲಸಕ್ಕಾಗಿ. ಆದರೆ ಅದು ಗೋವೆಯಲ್ಲೇ ಉಳಿಯಿತು. ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಅದನ್ನು ಸ್ಥಾಪಿಸಿ ಅದೇ ವರ್ಷ ಮುದ್ರಿಸಿದ್ದು, ಸಾರ್ವಜನಿಕ ವಾದಗೋಷ್ಠಿಯಲ್ಲಿ ವಿದ್ಯಾರ್ಥಿಗಳು ಸಮರ್ಥಿಸಬೇಕಾಗಿದ್ದ ಸಿದ್ಧಾಂತವಾಕ್ಯಗಳನ್ನು. ಸಂತ ಫ್ರಾನ್ಸಿಸ್ ಝೇವಿಯರರ ಕಿರು ಧರ್ಮೋಪದೇಶವು ಅಚ್ಚಾದದ್ದು ಅದರ ಮರುವರ್ಷ.

ಈ ಸಣ್ಣ ಸಂಗತಿಯನ್ನು ನಮ್ಮ ಮುದ್ರಣದ ಇತಿಹಾಸಕಾರರು 'ಮೊದಲನೆಯದು' ಎಂಬ ಕಾರಣಕ್ಕಾಗಿ ಉಲ್ಲೇಖಿಸಿ ಮುಂದೆ ಸಾಗುತ್ತಾರೆ. ಗುರುಮಠದಲ್ಲಿ ಪಾಠ ಹೇಳುವವರಿಗೆ ಇದರಲ್ಲಿ ಬೇರೊಂದು ಆಸಕ್ತಿ ಇರಬೇಕು. ಹೊಸ ಯಂತ್ರವು ಮುದ್ರಿಸಿದ್ದು ವಾದದ ವಸ್ತುವನ್ನು, ವಾದವನ್ನಲ್ಲ. ಹಾಳೆ ಕೈಗೆ ಬಂದ ಮೇಲೆ ವಿದ್ಯಾರ್ಥಿ ಎದ್ದು ನಿಲ್ಲಬೇಕಿತ್ತು. ಎದುರಾಳಿಯ ಆಕ್ಷೇಪವನ್ನು ಆಲಿಸಿ, ಅದನ್ನು ತನ್ನ ಮಾತಿನಲ್ಲಿ ಮತ್ತೊಮ್ಮೆ ಹೇಳಿ, ಅನಂತರ ಉತ್ತರ ಕೊಡಬೇಕಿತ್ತು. ಪ್ರತಿ ಮಾಡುವ ಶ್ರಮವನ್ನು ಯಂತ್ರ ವಹಿಸಿಕೊಂಡಿತು. ಉತ್ತರಿಸುವ ಹೊಣೆ ಮನುಷ್ಯನ ಬಾಯಿಯಲ್ಲೇ ಉಳಿಯಿತು. ಡಿಜಿಟಲ್ ಸಾಧನಗಳ ನಡುವೆ ಬೆಳೆದ ವಿದ್ಯಾರ್ಥಿಗಳಿಗೆ ಹೇಗೆ ಕಲಿಸಬೇಕೆಂಬ ಇಂದಿನ ಪ್ರಶ್ನೆಗೆ ಈ ವಿಭಜನೆಯ ಕಡೆಯಿಂದ ನೋಡಿದರೆ ಬೆಳಕು ಸಿಗುವುದೆಂದು ನನಗೆ ತೋರುತ್ತದೆ.

ಇಂದು ನಮ್ಮ ಗುರುಮಠಗಳಿಗೆ ಬರುತ್ತಿರುವ ತರುಣರು ಅಕ್ಷರ ಕಲಿಯುವ ಮೊದಲೇ ಪರದೆಯನ್ನು ಸರಿಸಲು ಕಲಿತವರು. 2001ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ ಇಂಥ ಪೀಳಿಗೆಯನ್ನು 'ಡಿಜಿಟಲ್ ಲೋಕದ ಸ್ಥಳೀಯರು' ಎಂದೂ ಅವರ ಅಧ್ಯಾಪಕರನ್ನು 'ವಲಸಿಗರು' ಎಂದೂ ಕರೆದರು. ಹೆಸರು ಬಹುಬೇಗ ಹರಡಿತು. ಸಾಧನವನ್ನು ಬಳಸಬಲ್ಲವನು ಅದರಿಂದ ಕಲಿಯಲೂ ಬಲ್ಲನು ಎಂಬ ಅದರೊಳಗಿನ ಊಹೆಯನ್ನು ಶಿಕ್ಷಣಶಾಸ್ತ್ರಜ್ಞರು ತರುವಾಯ ಪ್ರಶ್ನಿಸಿದ್ದಾರೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಯಾವ ವಚನವನ್ನಾದರೂ ಕ್ಷಣಾರ್ಧದಲ್ಲಿ ಹುಡುಕಿಕೊಡುವ ಸಹೋದರನಿಗೆ ಆ ವಚನದ ಹಿಂದುಮುಂದಿನ ಅಧ್ಯಾಯಗಳು ಗೊತ್ತಿರಬೇಕೆಂದೇನೂ ಇಲ್ಲ. ಗುರುಪಟ್ಟದ ಸಿದ್ಧತೆಯನ್ನು ಕುರಿತು 2016ರ ಡಿಸೆಂಬರ್ 8ರಂದು ಹೊರಬಂದ ಸಾರ್ವತ್ರಿಕ ನಿಯಮಾವಳಿ ಡಿಜಿಟಲ್ ಲೋಕವನ್ನು ತರಬೇತಿಯ ಹೊರಗಿಡಲಿಲ್ಲ. 2020ರ ಧರ್ಮೋಪದೇಶದ ನಿರ್ದೇಶಿಕೆ ಈ ಹೊಸ ಸಂಸ್ಕೃತಿಗೆ ಸಾಕಷ್ಟು ಪುಟಗಳನ್ನೇ ಮೀಸಲಿಟ್ಟಿತು. ತರಗತಿಯಲ್ಲಿ ಮಾತ್ರ ನಾವು ಸಾಮಾನ್ಯವಾಗಿ ಎರಡರಲ್ಲೊಂದನ್ನು ಮಾಡುತ್ತೇವೆ. ಒಂದೋ ಮೊಬೈಲುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ, ಇಲ್ಲವೇ ಹಳೆಯ ಟಿಪ್ಪಣಿಗಳನ್ನು ಸ್ಲೈಡುಗಳಿಗೆ ಏರಿಸಿ ಓದಿ ಹೇಳುತ್ತೇವೆ. ಎರಡರಲ್ಲೂ ನಮ್ಮ ಕಣ್ಣು ಸಾಧನದ ಮೇಲಿದೆ.

ಯಂತ್ರ ಬರುವ ಮೊದಲಿನ ಕ್ರಮವನ್ನು ಮೊದಲು ನೋಡೋಣ. ಝೇವಿಯರರು ಗೋವೆ ತಲುಪಿದ್ದು 1542ರ ಮೇ ತಿಂಗಳಿನಲ್ಲಿ. ಕೈಯಲ್ಲಿ ಗಂಟೆ ಹಿಡಿದು ಬೀದಿಗಳಲ್ಲಿ ನಡೆದು, ಮಕ್ಕಳನ್ನೂ ಗುಲಾಮರನ್ನೂ ಕರೆದು ದೇವಾಲಯಕ್ಕೆ ಒಯ್ಯುತ್ತಿದ್ದ ಚಿತ್ರ ನಮಗೆಲ್ಲ ಪರಿಚಿತ. ಅದಕ್ಕಿಂತ ಮುಖ್ಯವಾದದ್ದು ಮುತ್ತಿನ ಕರಾವಳಿಯಲ್ಲಿ ಅವರು ನಡೆಸಿದ ಪ್ರಯೋಗ. 1544ರ ಜನವರಿಯಲ್ಲಿ ರೋಮಿನ ತಮ್ಮ ಸಂಗಡಿಗರಿಗೆ ಬರೆದ ಪತ್ರದಲ್ಲಿ ಅವರು ಅದನ್ನು ವಿವರಿಸಿದ್ದಾರೆ. ಎರಡೂ ಭಾಷೆ ಬಲ್ಲವರ ನೆರವಿನಿಂದ ಜಪಗಳನ್ನು ತಮಿಳಿಗೆ ತಂದು, ಮೊದಲು ತಾವೇ ಬಾಯಿಪಾಠ ಮಾಡಿದರು. ಒಂದು ತಿಂಗಳ ಕಾಲ ದಿನಕ್ಕೆ ಎರಡು ಬಾರಿ ಮಕ್ಕಳನ್ನು ಕೂಡಿಸಿ ಹೇಳಿಸಿದರು. ಕಲಿತದ್ದನ್ನು ತಂದೆತಾಯಿಗಳಿಗೂ ಮನೆಯವರಿಗೂ ನೆರೆಹೊರೆಗೂ ಕಲಿಸುವ ಭಾರ ಮಕ್ಕಳದೇ. ಒಂದು ಊರಿನಿಂದ ಮತ್ತೊಂದು ಊರಿಗೆ ಹೊರಡುವಾಗ ಜಪಗಳ ಒಂದು ಬರಹದ ಪ್ರತಿಯನ್ನು ಅಲ್ಲಿ ಬಿಟ್ಟು, ಬರೆಯಬಲ್ಲವರು ಅದನ್ನು ನಕಲು ಮಾಡಿಕೊಂಡು ಬಾಯಿಗೆ ತಂದುಕೊಳ್ಳಬೇಕೆಂದು ಹೇಳುತ್ತಿದ್ದರು. ಇಲ್ಲಿ ಬರಹವೆಂಬುದು ಸಂಗ್ರಹದ ಪೆಟ್ಟಿಗೆಯಾಗಿರಲಿಲ್ಲ, ಬಿತ್ತನೆಯ ಬೀಜವಾಗಿತ್ತು.

ಅದೇ ಪತ್ರದಲ್ಲಿರುವ ಇನ್ನೊಂದು ವಿವರವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ರೋಗಿಗಳ ಮನೆಗಳಿಂದ ಕರೆಗಳು ಹೆಚ್ಚಾಗಿ, ಎಲ್ಲ ಕಡೆಗೂ ತಾವೇ ಹೋಗಲಾಗದಿದ್ದಾಗ, ಜಪಗಳನ್ನು ಬಲ್ಲ ಮಕ್ಕಳನ್ನೇ ಝೇವಿಯರರು ಕಳುಹಿಸುತ್ತಿದ್ದರು. ಮಕ್ಕಳು ರೋಗಿಯ ಹಾಸಿಗೆಯ ಸುತ್ತ ಮನೆಮಂದಿಯನ್ನೂ ನೆರೆಯವರನ್ನೂ ಸೇರಿಸಿ ವಿಶ್ವಾಸಸಾರವನ್ನು ಹೇಳಿಸುತ್ತಿದ್ದರು. ಬಾಯಿಪಾಠದ ಪರೀಕ್ಷೆ ನಡೆದದ್ದು ಅಲ್ಲಿ.

ಇನ್ನು ಪುಸ್ತಕಗಳ ಪ್ರವಾಹ. ಗುರುಮಠ ಎಂಬ ಸಂಸ್ಥೆಯೇ ಆ ಕಾಲದ ಒಂದು ಹೊಸ ಬೋಧನಾಕ್ರಮವೆಂಬುದನ್ನು ಮರೆಯಬಾರದು. ಕನಿಷ್ಠ 12 ವರ್ಷದ, ಓದುಬರಹ ಬಲ್ಲ ಬಾಲಕರನ್ನು ಸೇರಿಸಿಕೊಂಡು, ವ್ಯಾಕರಣ, ಗಾಯನ, ಪವಿತ್ರ ಗ್ರಂಥ, ಸಂತರ ಪ್ರಬೋಧನೆಗಳು, ಸಂಸ್ಕಾರವಿಧಿಗಳನ್ನು ಕಲಿಸಬೇಕೆಂದು ಟ್ರೆಂಟ್ ಮಹಾಸಭೆ ಆಜ್ಞಾಪಿಸಿದ್ದು 1563ರ ಜುಲೈ 15ರಂದು. ಮುದ್ರಣ ಆರಂಭವಾಗಿ ಆಗಲೇ ಒಂದು ಶತಮಾನ ಕಳೆದಿತ್ತು. ಹೊಸ ಗ್ರಂಥಗಳು, ಅವುಗಳಿಗೆ ಭಾಷ್ಯಗಳು, ಭಾಷ್ಯಗಳಿಗೆ ಖಂಡನೆಗಳು ವಿದ್ಯಾರ್ಥಿಯ ಮೇಜನ್ನು ತುಂಬುತ್ತಿದ್ದವು. ಇಷ್ಟೊಂದು ಸಾಮಗ್ರಿಯ ನಡುವೆ ಅಧ್ಯಾಪಕನ ಕೆಲಸವೇನು?

ಈ ಪ್ರಶ್ನೆಗೆ ಬಂದ ಅತ್ಯಂತ ವಿವೇಚನೆಯ ಉತ್ತರ, ನನ್ನ ತಿಳುವಳಿಕೆಯಂತೆ, ಯೇಸುಸಭೆಯವರ 1599ರ ವಿದ್ಯಾಭ್ಯಾಸ ನಿಯಮಾವಳಿಯಲ್ಲಿದೆ. 'ರಾತ್ಸಿಯೊ ಸ್ತುದಿಯೋರುಂ' ಎಂದು ಪ್ರಸಿದ್ಧವಾದ ಈ ಗ್ರಂಥವನ್ನು ಕಟ್ಟುನಿಟ್ಟಿನ ಶಿಸ್ತಿನ ಪಟ್ಟಿಯೆಂದು ಬದಿಗೆ ಸರಿಸುವವರುಂಟು. ಶಿಸ್ತೇನೋ ಇದೆ. ಆದರೆ ಉನ್ನತ ತರಗತಿಗಳ ಪ್ರಾಧ್ಯಾಪಕರಿಗೆ ವಿಧಿಸಿದ ಸಾಮಾನ್ಯ ನಿಯಮಗಳನ್ನು ಓದಿದವರಿಗೆ ಬೇರೊಂದು ಮುಖ ಕಾಣುತ್ತದೆ. ಸುಲಭವಾಗಿ ದೊರೆಯುವ ಗ್ರಂಥಗಳಲ್ಲಿ ಇರುವುದನ್ನು ತರಗತಿಯಲ್ಲಿ ಬರೆಸುತ್ತ ಕೂರಬಾರದು. ಅದನ್ನು ವಿವರಿಸಿ, ಹೆಚ್ಚಿನದಕ್ಕೆ ವಿದ್ಯಾರ್ಥಿಗಳನ್ನು ಆ ಗ್ರಂಥಗಳ ಕಡೆಗೇ ಕಳುಹಿಸಬೇಕು. ಉಪನ್ಯಾಸ ಮುಗಿದ ಮೇಲೆ ಪ್ರಾಧ್ಯಾಪಕನು ಕನಿಷ್ಠ ಕಾಲು ಗಂಟೆ ತರಗತಿಯಲ್ಲೋ ಅದರ ಸಮೀಪದಲ್ಲೋ ಉಳಿಯಬೇಕು. ಏಕೆಂದರೆ ವಿದ್ಯಾರ್ಥಿಗಳು ಬಂದು ಕೇಳಬಹುದು. ಅವನೂ ಆಗಾಗ ಅವರಿಂದ ಪಾಠದ ಲೆಕ್ಕ ಕೇಳಬಹುದು. ಹೇಳಿದ್ದರ ಪುನರಾವೃತ್ತಿ ನಡೆಯಬಹುದು. ಇದಲ್ಲದೆ ವಿದ್ಯಾರ್ಥಿಗಳಿಗೆ ಎಲ್ಲ ಪುಸ್ತಕಗಳನ್ನೂ ಕೊಡಬಾರದೆಂಬ ನಿಯಮವೂ ಇದೆ. ದೈವಶಾಸ್ತ್ರದವರಿಗೆ ಸಂತ ತೋಮಸ್ ಅಕ್ವಿನಾಸರ ಮಹಾಕೃತಿ, ಆಯ್ದ ಭಾಷ್ಯ, ಟ್ರೆಂಟ್ ಮಹಾಸಭೆಯ ನಿರ್ಣಯಗಳು, ಪವಿತ್ರ ಗ್ರಂಥ; ಅಷ್ಟರಲ್ಲಿ ಅವರು ಪಳಗಬೇಕು.

ಎರಡನೆಯ ನಿಯಮ ಇಂದಿನ ಓದುಗನಿಗೆ ಸಂಕುಚಿತವೆನಿಸಬಹುದು, ಮತ್ತು ಅದರ ಹಿಂದೆ ಪಾಷಂಡವಾದದ ಭಯವೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೂ ಪುಸ್ತಕ ವಿರಳವಾಗಿದ್ದ ಕಾಲದಲ್ಲಿ ಯಾರೂ ಇಂಥ ನಿಯಮ ಮಾಡುತ್ತಿರಲಿಲ್ಲ. ಪುಸ್ತಕ ಹೆಚ್ಚಾದಾಗ ಆಯ್ಕೆಯೇ ಬೋಧನೆಯ ಒಂದು ಅಂಗವಾಯಿತು. ಮೊದಲನೆಯ ನಿಯಮವಂತೂ ನಮ್ಮ ಕಾಲದಲ್ಲಿ ಹೊಸ ಹೆಸರಿನಿಂದ ಮರಳಿ ಬಂದಿದೆ. 1990ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ ಓದನ್ನು ತರಗತಿಯ ಮೊದಲಿಗೆ ವರ್ಗಾಯಿಸಿ, ತರಗತಿಯ ಹೊತ್ತನ್ನು ವಿದ್ಯಾರ್ಥಿಗಳು ಪರಸ್ಪರ ವಾದಿಸಿ ಉತ್ತರ ಕಂಡುಕೊಳ್ಳುವುದಕ್ಕೆ ಬಳಸಿದರು. 2007ರ ಸುಮಾರಿಗೆ ಅಮೆರಿಕದ ಕೊಲೊರಾಡೊದ ಇಬ್ಬರು ರಸಾಯನಶಾಸ್ತ್ರ ಅಧ್ಯಾಪಕರು ಪಾಠವನ್ನು ವಿಡಿಯೋ ಮಾಡಿ ಮನೆಗೆ ಕಳುಹಿಸಿ, ಮನೆಗೆಲಸವನ್ನು ತರಗತಿಗೆ ತಂದರು. 'ತಿರುವುಮುರುವು ತರಗತಿ' ಎಂದು ಅದು ಲೋಕಪ್ರಸಿದ್ಧವಾಯಿತು. ಈ ಪ್ರಯೋಗಗಳನ್ನು ಕುರಿತು ಅಧ್ಯಾಪಕರಿಗಾಗಿ ಶಿಬಿರಗಳು ನಡೆಯುತ್ತವೆ, ನಾವೂ ಹೋಗಿ ಪ್ರಮಾಣಪತ್ರ ತರುತ್ತೇವೆ. ಅದರ ತಿರುಳು ನಮ್ಮದೇ ಗ್ರಂಥಾಲಯದ ಕಪಾಟಿನಲ್ಲಿ ನಾಲ್ಕು ಶತಮಾನಗಳಿಂದ ಧೂಳು ತಿನ್ನುತ್ತಿದೆ.

ಚಿತ್ರದ ವಿಷಯದಲ್ಲೂ ಹಾಗೆಯೇ. ಪರದೆಯ ಪೀಳಿಗೆಗೆ ಚಿತ್ರವಿಲ್ಲದೆ ಮಾತು ತಲೆಗೆ ಹತ್ತದು ಎಂಬ ದೂರು ಈಗ ಸಾಮಾನ್ಯ. ಲೊಯೊಲಾದ ಸಂತ ಇಗ್ನೇಷಿಯಸರ ಆಪ್ತರಾಗಿದ್ದ ಜೆರೋಮ್ ನದಾಲರು ಯೇಸುಸಭೆಯ ತರುಣ ವಿದ್ಯಾರ್ಥಿಗಳ ಧ್ಯಾನಕ್ಕೆ ನೆರವಾಗಲೆಂದು ರೂಪಿಸಿದ ಶುಭಸಂದೇಶದ ಚಿತ್ರಮಾಲೆ, ಅವರು ತೀರಿಕೊಂಡು 13 ವರ್ಷಗಳಾದ ಮೇಲೆ, 1593ರಲ್ಲಿ ಆಂಟ್ವರ್ಪ್ ನಗರದಲ್ಲಿ ಪ್ರಕಟವಾಯಿತು. ತಾಮ್ರದ ತಗಡಿನಲ್ಲಿ ಕೊರೆದ 153 ಚಿತ್ರಗಳು. ಪ್ರತಿ ಚಿತ್ರದೊಳಗೆ ಅಲ್ಲಲ್ಲಿ ಎ, ಬಿ, ಸಿ ಎಂಬ ಅಕ್ಷರಗಳು. ಕೆಳಗೆ ಅದೇ ಅಕ್ಷರಗಳ ಮುಂದೆ ಒಂದೊಂದು ಸಾಲಿನ ವಿವರಣೆ. ಕಣ್ಣು ಚಿತ್ರದ ಒಂದು ಮೂಲೆಯಿಂದ ಕೆಳಗಿನ ಸಾಲಿಗೆ ಇಳಿದು, ಮತ್ತೆ ಮೇಲೇರಿ, ಮುಂದಿನ ಅಕ್ಷರಕ್ಕೆ ಹೋಗಬೇಕು. ಪರದೆಯ ಮೇಲಿನ ಚಿತ್ರವನ್ನು ಬೆರಳಿನಿಂದ ಮುಟ್ಟಿದೊಡನೆ ವಿವರ ತೆರೆದುಕೊಳ್ಳುವ ಇಂದಿನ ಏರ್ಪಾಡಿಗೆ ಇದು ಬಹಳ ಹತ್ತಿರ. ವ್ಯತ್ಯಾಸ ಇರುವುದು ವೇಗದಲ್ಲಿ. ನದಾಲರ ಅಕ್ಷರಗಳು ಓದುಗನನ್ನು ಮುಂದಕ್ಕೆ ಓಡಿಸಲು ಇಟ್ಟವಲ್ಲ. ಒಂದೇ ದೃಶ್ಯದಲ್ಲಿ ತಡೆದು ನಿಲ್ಲಿಸಲು ಇಟ್ಟವು. ಚಿತ್ರ ಮುಗಿದಲ್ಲಿ ಪ್ರಾರ್ಥನೆ ಮೊದಲಾಗಬೇಕಿತ್ತು. 1637ರಲ್ಲಿ ಜೂಲಿಯೊ ಅಲೇನಿ ಚೀನಾದಲ್ಲಿ ಇದರ ಆಧಾರದ ಮೇಲೆ ಚೀನೀ ಚಿತ್ರಗ್ರಂಥವನ್ನೇ ಹೊರತಂದರು. ನಾವು ತರಗತಿಯಲ್ಲಿ ತೋರಿಸುವ ವಿಡಿಯೋ ತುಣುಕುಗಳಲ್ಲಿ ಎಷ್ಟು ವಿದ್ಯಾರ್ಥಿಯನ್ನು ಹೀಗೆ ನಿಲ್ಲಿಸುತ್ತವೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಈಗ ನಮ್ಮ ಕರಾವಳಿಗೆ ಸಮೀಪದ ಕಥೆಗೆ ಬರೋಣ. ಇಂಗ್ಲೆಂಡಿನಲ್ಲಿ ಹುಟ್ಟಿ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ತೋಮಸ್ ಸ್ಟೀಫನ್ಸರು 1608ರ ಡಿಸೆಂಬರಿನಲ್ಲಿ ರೋಮಿನ ತಮ್ಮ ಮಹಾಶ್ರೇಷ್ಠರಿಗೆ ಪತ್ರ ಬರೆದು, ಮಲಬಾರಿನಲ್ಲಿರುವಂತೆ ಇಲ್ಲಿಯೂ ನೆಲದ ಭಾಷೆಯಲ್ಲಿ, ನೆಲದ ಲಿಪಿಯಲ್ಲಿ ಪುಸ್ತಕಗಳು ಅಚ್ಚಾಗಬೇಕೆಂಬ ತಮ್ಮ ಬಹುಕಾಲದ ಹಂಬಲವನ್ನು ತಿಳಿಸಿದರು. ಮಲಬಾರೆಂದಾಗ ಅವರ ಮನಸ್ಸಿನಲ್ಲಿದ್ದದ್ದು 1578ರಲ್ಲಿ ಕೊಲ್ಲಂನಲ್ಲಿ ಹೆನ್ರಿಕ್ ಹೆನ್ರಿಕ್ಸರು ಮುದ್ರಿಸಿದ 16 ಪುಟಗಳ ತಮಿಳು ಜಪಪುಸ್ತಕದಂಥ ಕೃತಿಗಳು. ಅಡ್ಡಿ ಏನೆಂದರೆ, ಯೂರೋಪಿನ 24 ಅಕ್ಷರಗಳ ಜಾಗದಲ್ಲಿ ಇಲ್ಲಿ ಸುಮಾರು 600 ಅಚ್ಚುಗಳು ಬೇಕಾಗಿದ್ದವು. ಗುಣಿತಾಕ್ಷರ, ಒತ್ತಕ್ಷರಗಳ ಭಾರ ಬಲ್ಲ ಕನ್ನಡಿಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟೀಫನ್ಸರ ಹಂಬಲ ಈಡೇರಲಿಲ್ಲ. 1616ರಲ್ಲಿ ರಾಚೋಲಿನಲ್ಲಿ ಅಚ್ಚಾದ ಅವರ 'ಕ್ರಿಸ್ತಪುರಾಣ' ಕೊಂಕಣಿಯ ಛಾಯೆಯುಳ್ಳ ಮರಾಠಿಯಲ್ಲಿದ್ದರೂ ರೋಮನ್ ಲಿಪಿಯನ್ನು ತೊಟ್ಟಿತ್ತು.

ಲಿಪಿಯಲ್ಲಿ ಸೋತವರು ರೂಪದಲ್ಲಿ ಗೆದ್ದರು. ಹೊಸ ಕ್ರೈಸ್ತರಿಗೆ ಹಳೆಯ ಪುರಾಣಶ್ರವಣ ನಿಷಿದ್ಧವಾಗಿತ್ತು. ಅದರ ಬದಲಿಗೆ ನಮಗೆ ಕೇಳಲು ಏನಿದೆ ಎಂಬ ಪ್ರಶ್ನೆಯನ್ನು ಗ್ರಂಥದ ಆರಂಭದಲ್ಲಿ ಊರವನೊಬ್ಬನ ಬಾಯಿಂದಲೇ ಸ್ಟೀಫನ್ಸರು ಕೇಳಿಸುತ್ತಾರೆ. ಉತ್ತರವಾಗಿ ಬಂದದ್ದು ಓವಿ ಛಂದಸ್ಸಿನ ಸುಮಾರು 11,000 ಪದ್ಯಗಳು. ಅದು ಅಚ್ಚಾದ ಪುಸ್ತಕವೇ ಆದರೂ ಒಬ್ಬೊಬ್ಬರೇ ಮೌನವಾಗಿ ಓದುವುದಕ್ಕಲ್ಲ, ದೇವಾಲಯದಲ್ಲಿ ಜನ ಕೂಡಿ ಕೇಳುವುದಕ್ಕೆ ರಚಿತವಾದದ್ದು. ಹೊಸ ಯಂತ್ರ ಹಳೆಯ ಕಿವಿಯನ್ನು ಸೇವಿಸಿತು. ಇದರ ಬೆಲೆ ತಿಳಿದದ್ದು ಆಮೇಲೆ. 1684ರಲ್ಲಿ ಪೋರ್ಚುಗೀಸ್ ಆಡಳಿತವು ನೆಲದ ಭಾಷೆಯನ್ನೇ ತೊಡೆದುಹಾಕಲು ರಾಜಾಜ್ಞೆ ಹೊರಡಿಸಿತು. ಗೋವೆಯಿಂದ ಕೆನರಾ ಜಿಲ್ಲೆಗಳಿಗೆ ಬಂದು ನೆಲೆಸಿದ ಕ್ರೈಸ್ತರಲ್ಲಿ ಕ್ರಿಸ್ತಪುರಾಣ ಕೈಬರಹದ ಪ್ರತಿಗಳಲ್ಲೂ ಹಾಡುವವರ ಕಂಠದಲ್ಲೂ ಉಳಿದುಕೊಂಡಿತು. ಅಂಥ ಪ್ರತಿಗಳನ್ನು ಆಧರಿಸಿ ಜೋಸೆಫ್ ಎಲ್. ಸಲ್ಡಾನ್ಹಾ ಅವರು 1907ರಲ್ಲಿ ಮಂಗಳೂರಿನಲ್ಲಿ ಅದನ್ನು ಮತ್ತೆ ಮುದ್ರಿಸಿದರು. ಯಂತ್ರ ಕೈಬಿಟ್ಟ ಅವಧಿಯನ್ನು ನೆನಪು ದಾಟಿಸಿತು.

600 ಅಚ್ಚುಗಳ ಸಮಸ್ಯೆಗೆ ನಮ್ಮ ಕಡೆ ಒಂದು ಜಾಣ ಪರಿಹಾರ ಸಿಕ್ಕಿದ್ದು ಪ್ರೊಟೆಸ್ಟಂಟ್ ಬಂಧುಗಳಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಕಲ್ಲಚ್ಚಿನಲ್ಲಿ ಮೊಳೆ ಎರಕ ಹೊಯ್ಯುವ ಅಗತ್ಯವೇ ಇಲ್ಲ. ಕೈಬರಹವೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಯುತ್ತದೆ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರ 'ಮಂಗಳೂರ ಸಮಾಚಾರ' ಹಾಗೆಯೇ ಹೊರಬಂದಿತು. ಕನ್ನಡದ ಮೊದಲ ಪತ್ರಿಕೆ ಒಬ್ಬ ಧರ್ಮಪ್ರಚಾರಕನದೆಂದು ನಾವು ಹೆಮ್ಮೆಪಡುವುದುಂಟು. ಪಾಠದ ದೃಷ್ಟಿಯಿಂದ ಗಮನಿಸಬೇಕಾದದ್ದು, ಯಂತ್ರವನ್ನು ಭಾಷೆಗೆ ಬಗ್ಗಿಸಿದರೇ ಹೊರತು ಭಾಷೆಯನ್ನು ಯಂತ್ರಕ್ಕೆ ಬಗ್ಗಿಸಲಿಲ್ಲ ಎಂಬುದು. ಇಂದು ಯೂನಿಕೋಡ್ ಇರುವುದರಿಂದ ಯಾವ ಮೊಬೈಲಿನಲ್ಲಾದರೂ ಕನ್ನಡ ಮೂಡುತ್ತದೆ. ಆದರೆ ನಮ್ಮ ದೈವಶಾಸ್ತ್ರದ ವಿದ್ಯಾರ್ಥಿ ಹುಡುಕಿದಾಗ ಅವನಿಗೆ ಸಿಗುವುದು ಬಹುಪಾಲು ಇಂಗ್ಲಿಷ್. ಅವನು ಇಂಗ್ಲಿಷಿನಲ್ಲಿ ಸಂಗ್ರಹಿಸಿ, ಯಂತ್ರದಿಂದ ಅನುವಾದಿಸಿ, ಕನ್ನಡದ ಪೀಠದಲ್ಲಿ ಓದುತ್ತಾನೆ. ಪ್ರಬೋಧನೆಯ ನಡುವೆ ಭಾಷೆ ಹಠಾತ್ತನೆ ಯಾರದೋ ಆಗಿಬಿಡುವುದನ್ನು ಭಕ್ತರು ಗುರುತಿಸುತ್ತಾರೆ, ಸೌಜನ್ಯದಿಂದ ಹೇಳುವುದಿಲ್ಲ, ಅಷ್ಟೆ.

ಹಾಗೆಂದು ಮುದ್ರಣಯುಗದ ಧರ್ಮೋಪದೇಶವನ್ನು ಆದರ್ಶವೆಂದು ಎತ್ತಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಪ್ರಶ್ನೋತ್ತರ ರೂಪದ ಕೈಪಿಡಿಗಳು ಕಾಲಕ್ರಮದಲ್ಲಿ ಅರ್ಥವಿಲ್ಲದ ಉರುಹೊಡೆತಕ್ಕೆ ಇಳಿದವು. ಪ್ರಶ್ನೆಯೂ ಪುಸ್ತಕದ್ದೇ ಆದಾಗ ಮಗುವಿನ ಸ್ವಂತ ಪ್ರಶ್ನೆಗೆ ಸ್ಥಳವಿರಲಿಲ್ಲ. ಸಂತ ಅಗಸ್ಟೀನರು ಸುಮಾರು 400ರಲ್ಲಿ, ತನ್ನ ಉಪದೇಶ ತನಗೇ ಬೇಸರ ತರುತ್ತಿದೆ ಎಂದು ದೂರಿಕೊಂಡ ಕಾರ್ಥೇಜಿನ ಧರ್ಮಸೇವಕ ದೇವೊಗ್ರಾಸಿಯಾಸನಿಗೆ ಬರೆದ ಕಿರುಗ್ರಂಥವನ್ನು ಈ ಕೈಪಿಡಿಗಳ ಪಕ್ಕದಲ್ಲಿಟ್ಟು ಓದಬೇಕು. ಕೇಳುಗನ ಮುಖವನ್ನು ನೋಡು, ಆಕಳಿಸುತ್ತಿದ್ದರೆ ಮಾತಿನ ದಾರಿ ಬದಲಿಸು, ನಿಂತು ದಣಿದಿದ್ದರೆ ಕೂರಲು ಆಸನ ಕೊಡು ಎಂಬ ಧಾಟಿಯ ಸಲಹೆಗಳು ಅಲ್ಲಿವೆ. 2020ರ ಸಾಂಕ್ರಾಮಿಕದ ತಿಂಗಳುಗಳಲ್ಲಿ ಆನ್‌ಲೈನ್ ತರಗತಿ ನಡೆಸಿದವರಿಗೆ ಈ ಪುಟಗಳ ಅರ್ಥ ಹೊಸದಾಗಿ ಹೊಳೆದಿರಬೇಕು. ಪಾಠವೆಲ್ಲ ತಲುಪಿತು, ಕ್ಯಾಮೆರಾ ಮುಚ್ಚಿದ ಚೌಕಗಳಲ್ಲಿ ಮುಖಗಳಿರಲಿಲ್ಲ.

ಹೀಗೆ ನೋಡಿದರೆ, ನಮ್ಮಲ್ಲಿ ಹೊಸ ಸಾಧನಗಳ ಬಳಕೆ ಅತಿಯಾಗಿದೆ ಎಂಬ ದೂರಿಗಿಂತ ಅದು ತಪ್ಪು ಜಾಗದಲ್ಲಿದೆ ಎಂಬ ದೂರು ಹೆಚ್ಚು ಸರಿ. ಟಿಪ್ಪಣಿಗಳು ಪಿಡಿಎಫ್ ಆಗಿ ವಾಟ್ಸಾಪ್ ಗುಂಪಿಗೆ ಮೊದಲೇ ಬಂದಿರುತ್ತವೆ. ಆದರೂ 50 ನಿಮಿಷಗಳ ತರಗತಿಯಲ್ಲಿ ಅದನ್ನೇ ಓದುತ್ತೇವೆ. 1599ರ ನಿಯಮ ಬೇಡವೆಂದದ್ದು ಇದನ್ನೇ. ಇನ್ನೊಂದು ಕಡೆ, ಯಂತ್ರಕ್ಕೆ ಕೊಡಬಾರದ ಕೆಲಸವನ್ನು ಕೊಡುತ್ತಿದ್ದೇವೆ. ಪ್ರಬಂಧವನ್ನು ಕೃತಕ ಬುದ್ಧಿಮತ್ತೆ ಬರೆದುಕೊಡುವ ಕಾಲದಲ್ಲಿ ಬರಹದ ಪ್ರಬಂಧವೊಂದನ್ನೇ ನಂಬಿ ಅಂಕ ಕೊಡುವುದೆಂದರೆ, ಸಿದ್ಧಾಂತವಾಕ್ಯದ ಹಾಳೆಯನ್ನು ತಂದವನಿಗೆ ವಾದಕ್ಕೆ ನಿಲ್ಲಿಸದೆಯೇ ಪದವಿ ಕೊಟ್ಟಂತೆ. ಪ್ರಬಂಧ ಬರೆಯಲಿ, ಯಾವ ನೆರವು ಪಡೆದರೂ ಅದನ್ನು ತಿಳಿಸಲಿ. ಅನಂತರ ಸಹಪಾಠಿಗಳ ಎದುರು ಅರ್ಧ ಗಂಟೆ ಎದ್ದು ನಿಂತು, ಕಾಗದವಿಲ್ಲದೆ, ಕನ್ನಡದಲ್ಲಿ, ಆಕ್ಷೇಪಗಳಿಗೆ ಉತ್ತರಿಸಲಿ. ಅಂಕದ ಅರ್ಧಪಾಲಾದರೂ ಅಲ್ಲಿಗೆ ಸಲ್ಲಬೇಕು. ಇದಕ್ಕೆ ಸಮಯವೆಲ್ಲಿ ಎಂದು ಕೇಳುವವರಿಗೆ, ಟಿಪ್ಪಣಿ ಓದುವ ಸಮಯ ಈಗಾಗಲೇ ವೇಳಾಪಟ್ಟಿಯಲ್ಲಿದೆ ಎಂದಷ್ಟೇ ಹೇಳಬೇಕಾಗುತ್ತದೆ. ಕಾಲು ಗಂಟೆಯ ನಿಯಮವನ್ನಂತೂ ಯಾರ ಅನುಮತಿಯನ್ನೂ ಕಾಯದೆ ನಾಳೆಯಿಂದಲೇ ಪಾಲಿಸಬಹುದು.

ಬಾಯಿಪಾಠದ ಪಟ್ಟಿಯೊಂದು ಪ್ರತಿ ಗುರುಮಠದಲ್ಲಿ ಮತ್ತೆ ಇರಬೇಕೆಂಬುದು ನನ್ನ ಇನ್ನೊಂದು ಕೋರಿಕೆ, ಉದ್ದನೆಯದಲ್ಲ. ಕೀರ್ತನೆ 23 ಮತ್ತು 130, ಮರಿಯಮ್ಮನವರ ಸ್ತುತಿಗೀತೆ, ಯೊವಾನ್ನರ ಶುಭಸಂದೇಶದ ಮೊದಲ 18 ವಚನಗಳು, ವ್ಯಾಧಿಸ್ಥರ ಅಭ್ಯಂಗದ ಸೂತ್ರವಾಕ್ಯ, ಪ್ರಾಣ ಬಿಡುತ್ತಿರುವವರನ್ನು ದೇವರಿಗೆ ಒಪ್ಪಿಸುವ ಪ್ರಾರ್ಥನೆ. ಇವು ಕನ್ನಡದಲ್ಲಿ, ಸೇವೆಗೆ ಹೋಗುವ ಧರ್ಮಕೇಂದ್ರಕ್ಕೆ ತಕ್ಕಂತೆ ಕೊಂಕಣಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ. ಕಲಿಯಲು ಮೊಬೈಲನ್ನೇ ಬಳಸಲಿ: ಧ್ವನಿಮುದ್ರಿಸಿಕೊಂಡು ನಡೆದಾಡುತ್ತ ಕೇಳಲಿ, ಒಬ್ಬರಿಗೊಬ್ಬರು ಕಳುಹಿಸಿ ತಿದ್ದಿಕೊಳ್ಳಲಿ. ಝೇವಿಯರರು ಊರೂರಲ್ಲಿ ಬಿಟ್ಟು ಹೋದ ಪ್ರತಿಯ ಕೆಲಸವನ್ನು ಅದು ಚೆನ್ನಾಗಿಯೇ ಮಾಡಬಲ್ಲದು. ಧರ್ಮಸೇವಕ ಪಟ್ಟಕ್ಕೆ ಮುಂಚೆ ಒಬ್ಬ ಹಿರಿಯ ಗುರುಗಳ ಎದುರು ಅವನ್ನು ಒಪ್ಪಿಸಲಿ. ಘಟ್ಟದ ಅಂಚಿನ ಎಷ್ಟೋ ಧರ್ಮಕೇಂದ್ರಗಳಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋದರೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ. ರೋಗಿಯ ಮನೆಯಿಂದ ಆಳು ಬಂದು ಗುರುಗಳ ಬಾಗಿಲು ತಟ್ಟುವುದು ಅಂಥ ಹೊತ್ತಿನಲ್ಲೇ.